ಸಾಕವ್ವನ ಮೈ, ನಮ್ಮ ನಗು

ಉಮಾಶ್ರೀ ಬಗ್ಗೆ ಬರೆಯೋರೆಲ್ಲ ಒಂದೇ ದಾರಿ ಹಿಡೀತಾರೆ. ಮೊದಲು ಬಡತನ, ಆಮೇಲೆ ಅಗ್ಗದ ಹಾಸ್ಯ, ಕೊನೆಗೆ ‘ಗುಲಾಬಿ ಟಾಕೀಸ್’ನ ರಾಷ್ಟ್ರಪ್ರಶಸ್ತಿ. ಕೆಸರಿನಲ್ಲಿದ್ದವರು ಕಲೆಯ ದಡ ಸೇರಿದರು ಅಂತ ಮಂಗಳ ಹಾಡಿ ಮುಗಿಸ್ತಾರೆ. ಈ ಕತೆ ನನಗೆ ಒಪ್ಪಿಗೆಯಿಲ್ಲ. ಕೆಸರು ಅಂತ ಯಾವುದನ್ನು ಕರೀತಿದ್ದೀವಿ, ಅದನ್ನು ತಂದು ಸುರಿದವರು ಯಾರು ಅಂತ ಕೇಳದೆ ಬರೆದದ್ದು ವಿಮರ್ಶೆಯಲ್ಲ, ಸನ್ಮಾನಪತ್ರ.

ನಮ್ಮದು ವಿದುರಾಶ್ವತ್ಥದ ಮಗ್ಗುಲ ಕೇರಿ. 1938ರ ಏಪ್ರಿಲ್ 25ರಂದು ಬಾವುಟ ಹಿಡಿದವರ ಮೇಲೆ ಗುಂಡು ಹಾರಿದ ಊರು ಅಂತ ಶಾಲೆ ಮಕ್ಕಳನ್ನು ಬಸ್ಸಿನಲ್ಲಿ ತಂದು ತೋರಿಸ್ತಾರೆ. ಕೇರಿಗೆ ಯಾರೂ ಬರೊಲ್ಲ. ಇಲ್ಲಿ ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಅವ್ವ ಅಂದರೆ ನಮಗೆ ಅಜ್ಜಿ. ಹಾಗಾಗಿ ಪಿಯುಸಿಯಲ್ಲಿ ದೇವನೂರ ಮಹಾದೇವರ ‘ಒಡಲಾಳ’ ಕೈಗೆ ಸಿಕ್ಕಾಗ ಸಾಕವ್ವ ಅನ್ನೋ ಹೆಸರೇ ನನಗೆ ಮನೆಯ ಹೆಸರಾಗಿ ಕೇಳಿಸಿತು. ರಾತ್ರಿ ನಮ್ಮವ್ವನಿಗೆ ಓದಿ ಹೇಳಿದೆ. ಕದ್ದು ತಂದ ಸಾಹುಕಾರನ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ತಿನ್ನುವ ಭಾಗ ಬಂತು. ಜೀವಮಾನವೆಲ್ಲ ಕಂಡೋರ ಕಡಲೆಕಾಯಿ ಬಿಡಿಸಿದ ಅವ್ವ ಕೇಳಿದ್ದು ಒಂದೇ ಮಾತು: “ಸಿಪ್ಪೆ ಏನ್ ಮಾಡಿದ್ರು?” ಬೆಂಕಿಗೆ ಹಾಕಿದ್ರು ಅಂದೆ. “ಹಂಗಾರೆ ಸರಿ” ಅಂದಳು.

ಆ ಸಾಕವ್ವನನ್ನು ಎಂಬತ್ತರ ದಶಕದಲ್ಲಿ ಸಿಜಿಕೆ ನಿರ್ದೇಶನದಲ್ಲಿ ರಂಗದ ಮೇಲೆ ತಂದು ನಿಲ್ಲಿಸಿದವರು ಉಮಾಶ್ರೀ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ 1957ರಲ್ಲಿ ಹುಟ್ಟಿದವರು, ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದವರು. ನಾನು ಆ ನಾಟಕ ನೋಡಿಲ್ಲ, ಆಗಿನ್ನೂ ಹುಟ್ಟಿರಲಿಲ್ಲ. ನೋಡಿದ ಹಿರಿಯರು ಇವತ್ತಿಗೂ ಅವರನ್ನು ಸಾಕವ್ವ ಅಂತಲೇ ನೆನೀತಾರೆ. ಕಳೆದುಹೋದ ಹುಂಜ ಹುಡುಕುತ್ತಾ ಬಾಯಿ ಮಾಡುವ ಮುದುಕಿ. ಆ ಬಾಯಿ ಬಿಟ್ಟರೆ ಅವಳ ಕೈಯಲ್ಲಿ ಬೇರೆ ಆಯುಧವಿಲ್ಲ. ಸರ್ಕಾರ, ಪೊಲೀಸು, ಸಾಹುಕಾರ ಯಾರೂ ಅವಳಿಗೆ ಉತ್ತರ ಕೊಡಬೇಕಾದವರಲ್ಲ. ಆದ್ದರಿಂದ ಊರಿಗೆ ಕೇಳಿಸುವ ಹಾಗೆ ಬೈತಾಳೆ.

ಈಗ ಸಿನಿಮಾಕ್ಕೆ ಬನ್ನಿ. ಕಾಶೀನಾಥರ ‘ಅನುಭವ’ (1984) ಆದ ಮೇಲೆ ಚಿತ್ರರಂಗ ಉಮಾಶ್ರೀಯವರಿಂದ ಕಿತ್ತುಕೊಂಡದ್ದು ಇದೇ ಬಾಯನ್ನು. ರಂಗದ ಮೇಲೆ ಹಸಿವಾಗಿದ್ದ ಬೈಗುಳ ತೆರೆಯ ಮೇಲೆ ಎರಡರ್ಥದ ಮಾತಾಯಿತು. ಎನ್.ಎಸ್. ರಾವ್ ಜೊತೆಗಿನ ಹಾಸ್ಯಕ್ಕೆ ಟಾಕೀಸು ಬಿದ್ದು ಬಿದ್ದು ನಕ್ಕಿತು. ನಕ್ಕದ್ದು ಯಾವುದಕ್ಕೆ? ಕಪ್ಪು ಮೈ, ದೊಡ್ಡ ದನಿ, ನಾಚಿಕೆ ಬಿಟ್ಟ ಹೆಂಗಸು! ನಾಯಕಿಗೆ ಇರಬಾರದ ಗುಣಗಳನ್ನೆಲ್ಲ ಗಂಟು ಕಟ್ಟಿ ಒಬ್ಬ ಹೆಂಗಸಿನ ತಲೆ ಮೇಲೆ ಹೊರಿಸಿದರು. ದುಡಿಯೋ ಜಾತಿಗಳ ಹೆಂಗಸರೆಲ್ಲ ಹಾಗೇ ಇರ್ತಾರೆ ಅಂತ ನೋಡಿದವರು ನಂಬಿದರು. ಹೈಸ್ಕೂಲಿನಲ್ಲಿ ಹುಡುಗರು ಅಂಥವೇ ಡೈಲಾಗುಗಳನ್ನು ನನ್ನ ಮೇಲೆ ಎಸೆದಿದ್ದಾರೆ. ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸದ ಹಾಗೆ ನಟಿಸಿದ್ದೇನೆ. ಅದರಿಂದ ಈ ವಿಷಯ ನನಗೆ ಬರೀ ಕಲೆಯ ವಿಷಯವಲ್ಲ.

ಆದರೂ ಸಿಟ್ಟು ಉಮಾಶ್ರೀ ಕಡೆ ತಿರುಗಿಸೋಕೆ ಮನಸ್ಸಾಗೊಲ್ಲ. ಸಂಬಳ ಬರುವ ಕೆಲಸದಲ್ಲಿದ್ದು ಸಂಜೆ ನಾಟಕ ಆಡೋರಿಗೆ ‘ಇಂಥ ಪಾತ್ರ ಒಲ್ಲೆ’ ಅನ್ನೋ ಸ್ವಾತಂತ್ರ್ಯ ಇರುತ್ತೆ. ಪಾತ್ರವೇ ಕೂಲಿಯಾದವರಿಗೆ ಎಲ್ಲಿಂದ ಬರಬೇಕು?

‘ಪುಟ್ನಂಜ’ ನೋಡಿ. 1995ರ ಚಿತ್ರ. ಉಮಾಶ್ರೀ ಪುಟ್ಮಲ್ಲಿ, ನಾಯಕ ರವಿಚಂದ್ರನ್‌ಗೆ ಅಜ್ಜಿ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಅಂದರೆ ಅಜ್ಜಿ ಮೊಮ್ಮಗನಿಗಿಂತ ನಾಲ್ಕೇ ವರ್ಷ ದೊಡ್ಡವಳು! ನಾಯಕನಿಗೆ ವಯಸ್ಸೇ ಆಗೊಲ್ಲ, ಹೊಲದ ಹೆಂಗಸು ಮೂವತ್ತೆಂಟಕ್ಕೆ ಮುದುಕಿ. ಹೀಗಿದ್ದೂ ಆ ಚಿತ್ರದಲ್ಲಿ ನೆನಪಿನಲ್ಲಿ ಉಳಿಯೋದು ಪುಟ್ಮಲ್ಲಿಯೇ. ಕುಂವೀ ಕತೆಯಿಂದ ಬಂದ ‘ಕೊಟ್ರೇಶಿ ಕನಸು’ (1994) ಕೂಡ ಅದೇ ಕಾಲದ್ದು. ಒಂದೇ ವರ್ಷದ ಅಂತರದಲ್ಲಿ ಓದುವ ಆಸೆ ಹೊತ್ತ ದಲಿತ ಹುಡುಗನ ಚಿತ್ರದಲ್ಲೂ ಅವರಿದ್ದರು, ಈ ಮೆರವಣಿಗೆಯಲ್ಲೂ ಇದ್ದರು. ಕೆಸರು ಬೇರೆ, ದಡ ಬೇರೆ ಅನ್ನೋದು ಇಲ್ಲಿಗೆ ಸುಳ್ಳಾಯಿತು.

ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ವೈದೇಹಿಯವರ ಕತೆಯಿಂದ ಹುಟ್ಟಿದ್ದು. 2007ನೇ ಸಾಲಿನ ಶ್ರೇಷ್ಠ ನಟಿ ಪ್ರಶಸ್ತಿ ತಂದದ್ದು ಇದೇ. ಗುಲಾಬಿ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಟಿವಿ ಸಿಗುತ್ತೆ. ಅಲ್ಲಿತನಕ ಅವಳ ಹೊಸ್ತಿಲು ತುಳಿಯದ ಮೀನುಗಾರರ ಹೆಂಗಸರು ಟಿವಿ ನೋಡೋಕೆ ಬಂದು ಕೂರ್ತಾರೆ. 1999ರ ಕಾರ್ಗಿಲ್ ಯುದ್ಧದ ಗಾಳಿ ಬೀಸಿದಾಗ ಅದೇ ಊರು ಅವಳನ್ನು ಹೊರದಬ್ಬುತ್ತೆ. ಇಲ್ಲಿ ಉಮಾಶ್ರೀ ಆ ಬಾಯನ್ನು ಮುಚ್ಚಿಬಿಟ್ಟಿದ್ದಾರೆ. ಪರದೆಯ ಬೆಳಕು ಮುಖದ ಮೇಲೆ ಬಿದ್ದಾಗ ಅರಳುವ ಆ ಕಣ್ಣನ್ನು ನಾನು ಕೇರಿಯಲ್ಲಿ ಕಂಡಿದ್ದೇನೆ. ತಕರಾರು ಒಂದಿದೆ. ಬಡವಿ ಬಾಯಿ ಮುಚ್ಚಿದಾಗ ಅಭಿನಯ, ಬಾಯಿ ತೆರೆದಾಗ ಗದ್ದಲ ಅನ್ನೋ ತಕ್ಕಡಿ ನಮ್ಮ ವಿಮರ್ಶಕರಲ್ಲಿ ಇನ್ನೂ ಇದೆ.

2013ರಿಂದ 2018ರವರೆಗೆ ಅವರು ಮಂತ್ರಿಯಾಗಿದ್ದರು. ಅದಕ್ಕೆ ಬೇರೆ ಲೇಖನ ಬೇಕು. 2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೆಸ್ ನಡೆಸುವ ಪುಟ್ಟಕ್ಕನಾದರು. ನಮ್ಮವ್ವ ಅದಕ್ಕಾಗಿ ಊಟದ ಹೊತ್ತನ್ನೇ ಬದಲಾಯಿಸಿದ್ದಳು.

ಕೇಳಲೇಬೇಕಾದದ್ದು ಇನ್ನೊಂದಿದೆ. ಉಮಾಶ್ರೀ ನೇಕಾರ ಸಮುದಾಯದವರು. ಅವರು ಸಾಕವ್ವನಾದದ್ದು ತಪ್ಪಲ್ಲ, ನಮಗೆ ಲಾಭವೇ. ಆದರೆ ಇಷ್ಟು ವರ್ಷವಾದರೂ ಸಾಕವ್ವನ ಮೊಮ್ಮಕ್ಕಳಲ್ಲಿ ಎಷ್ಟು ಜನ ಹೆಣ್ಣುಮಕ್ಕಳು ರಂಗ ಹತ್ತಿದರು?

ಹೋದ ವರ್ಷ ನಾವು ಹಾಸ್ಟೆಲಿನ ಹುಡುಗಿಯರು ‘ಒಡಲಾಳ’ದ ಒಂದು ತುಣುಕು ಆಡೋಣ ಅಂತ ಹೊರಟೆವು. ಸಾಕವ್ವನಾದ ಹುಡುಗಿ ನಮ್ಮ ಕೇರಿಯವಳೇ. ಮೊದಲ ದಿನವೇ ಸೊಂಟ ಬಗ್ಗಿಸಿ, ದನಿ ಒಡೆದು ‘ಪುಟ್ನಂಜ’ದ ಪುಟ್ಮಲ್ಲಿಯನ್ನು ಮಾಡಿದಳು. ಅಜ್ಜಿ ಮನೆಯಲ್ಲೇ ಇದ್ದರೂ ಅಜ್ಜಿಯನ್ನು ಸಿನಿಮಾದಿಂದ ಕಲಿತಿದ್ದೆವು. ಅವಳನ್ನು ಅವ್ವನ ಹತ್ರ ಕರಕೊಂಡು ಹೋದೆ. ಅವ್ವ ಮೊರದಲ್ಲಿ ಬಿತ್ತನೆ ಕಡಲೆಕಾಯಿ ಬಿಡಿಸ್ತಿದ್ದಳು. ಹುಡುಗಿ ನಡೆದು ತೋರಿಸಿದಳು.

“ಯಾಕಮ್ಮ ಹಂಗೆ ಬಗ್ತೀಯ? ಬಗ್ಗಿದೋಳ್ನ ಕೂಲಿಗೆ ಯಾರ್ ಕರೀತಾರೆ? ನೆಟ್ಟಗೆ ನಿಂತ್ಕೋ” ಅಂದಳು ಅವ್ವ.