ಸೋಲನ್ನರಿಯದ ಭರತ

ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯನು ಎಂಟು ಘಟ್ಟಗಳನ್ನು ಹಾಯಬೇಕು, ಒಂದೊಂದರಲ್ಲಿಯೂ ಒಂದೊಂದು ಬಿಕ್ಕಟ್ಟು ಕಾದಿರುತ್ತದೆ ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ 1950ರಲ್ಲಿ ಬರೆದರು. ಹರೆಯದಲ್ಲಿ ‘ನಾನು ಯಾರು?’ ಎಂಬ ತೊಳಲಾಟ. ನಡುವಯಸ್ಸಿನಲ್ಲಿ ಮುಂದಿನ ಪೀಳಿಗೆಯ ಚಿಂತೆ. ಮುಪ್ಪಿನಲ್ಲಿ ಬಾಳಿದ ಬಾಳಿನ ಲೆಕ್ಕ. ಇದನ್ನೋದುವಾಗ ಮೂಡುಬಿದಿರೆಯ ಕವಿ ರತ್ನಾಕರವರ್ಣಿಯ ನೆನಪಾಗದಿರದು. 16ನೆಯ ಶತಮಾನದ ಅವನ ಸಾಂಗತ್ಯಕಾವ್ಯ ‘ಭರತೇಶವೈಭವ’ವೂ ಭೋಗ, ದಿಗ್ವಿಜಯ, ಯೋಗ, ಮೋಕ್ಷ ಎಂದು ಒಂದು ತುಂಬುಬಾಳನ್ನು ವಿಂಗಡಿಸಿಕೊಂಡಿದೆ. ಮಗ ಅರ್ಕಕೀರ್ತಿಯ ಹೆಸರಿನಲ್ಲಿಯೂ ಒಂದು ‘ವಿಜಯ’ವಿದೆ. ತಂದೆಯ ಬಾಳು ಮಗನಲ್ಲಿ ಮುಂದುವರಿಯಬೇಕೆಂಬುದನ್ನು ಕವಿ ಮರೆತಿಲ್ಲ.

ಆದರೆ ರತ್ನಾಕರನಿಗೆ ಇವು ಒಂದನ್ನು ಬಿಟ್ಟು ಇನ್ನೊಂದನ್ನೇರುವ ಮೆಟ್ಟಿಲುಗಳಲ್ಲ. ಅವನ ಭರತನು ಅರಮನೆಯ ಸುಖದ ನಡುವೆಯೇ ಧ್ಯಾನಕ್ಕೆ ಕೂರಬಲ್ಲ. ವೈರಾಗ್ಯವನ್ನು ಮುಪ್ಪಿಗೆಂದು ಮೀಸಲಿಡದ ಈ ದೃಷ್ಟಿಯೇ ಕಾವ್ಯದ ಹಿರಿಮೆ.

ಅದರ ಕೊರತೆಯೂ ಅಲ್ಲಿಯೇ ಇದೆ. ಎರಿಕ್‌ಸನ್ನರ ಘಟ್ಟಗಳಲ್ಲಿ ಗೆಲ್ಲುವಷ್ಟೇ ಸೋಲುವ ಸಂಭವವೂ ಉಂಟು. ರತ್ನಾಕರನ ಭರತನಿಗೆ ಎಲ್ಲವೂ ‘ವಿಜಯ’ವೇ. 941ರಲ್ಲಿ ರಚಿತವಾದ ಪಂಪನ ‘ಆದಿಪುರಾಣ’ದಲ್ಲಿ ಭರತನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ತಮ್ಮನಿಗೆ ಸೋತು, ಕೋಪದಿಂದ ಚಕ್ರವನ್ನೇ ಪ್ರಯೋಗಿಸುತ್ತಾನೆ. ರತ್ನಾಕರನು ಆ ಯುದ್ಧವನ್ನೇ ತಪ್ಪಿಸಿ, ಅಣ್ಣನ ಮೆಲುನುಡಿಯಿಂದಲೇ ಬಾಹುಬಲಿಯ ಮನಸ್ಸನ್ನು ಕರಗಿಸುತ್ತಾನೆ. “ಸರ್, ಈ ಭರತ ಎಲ್ಲಿಯೂ ತಪ್ಪುವುದೇ ಇಲ್ಲವೇ?” ಎಂದು ತರಗತಿಯಲ್ಲಿ ಹುಡುಗನೊಬ್ಬ ಕೇಳಿದಾಗ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ರತ್ನಾಕರನು ಮುನಿದು ಜೈನಧರ್ಮವನ್ನು ತೊರೆದು ವೀರಶೈವನಾಗಿದ್ದು, ಮತ್ತೆ ಹಿಂದಿರುಗಿದನೆಂದು ಐತಿಹ್ಯವಿದೆ. ಅದು ನಿಜವಾದರೆ, ‘ನಾನು ಯಾರು?’ ಎಂಬ ತೊಳಲಾಟ ಕವಿಗೆ ಹೊಸದಲ್ಲ. ತಾನುಂಡ ಆ ಕಹಿಯನ್ನು ನಾಯಕನಿಗೆ ಬಡಿಸಲು ಅವನಿಗೆ ಮನಸ್ಸಾಗಲಿಲ್ಲವೇನೋ.

ಇಪ್ಪತ್ತರ ವಯಸ್ಸಿನಲ್ಲಿ ನನಗೆ ಪಂಪನ ಭರತನೊಬ್ಬನೇ ಮನುಷ್ಯನಾಗಿ ಕಂಡಿದ್ದನು. ಈಗ ನಲವತ್ತು ದಾಟಿದೆ. ಆಸ್ತಿಯ ಪಾಲಿನಲ್ಲಿ ಅಣ್ಣತಮ್ಮಂದಿರ ಮಾತು ಮುರಿದ ಮನೆಗಳನ್ನು ಕಂಡಿದ್ದೇನೆ. ತಮ್ಮನ ಮುಂದೆ ದನಿ ತಗ್ಗಿಸಿದ ರತ್ನಾಕರನ ಭರತನನ್ನು ಬರಿಯ ಆದರ್ಶವೆಂದು ಬದಿಗಿಡಲು ಇಂದು ಮನಸ್ಸೊಪ್ಪದು. ಆ ಹುಡುಗನ ಪ್ರಶ್ನೆಯಂತೂ ಉಳಿದೇ ಇದೆ. ಇನ್ನಿಪ್ಪತ್ತು ವರ್ಷದ ಮೇಲೆ ಅವನೂ ಕಾವ್ಯವನ್ನು ಮತ್ತೊಮ್ಮೆ ಓದಲಿ.