ಒಂದ ಕೈ ಅಂತ ಚಪ್ಪಾಳಿ ಹೊಡಿಬ್ಯಾಡ್ರಿ

ನಮ್ಮ ಕಾಕಾ ಯಲಬುರ್ಗಾ ತಾಲೂಕಿನಲ್ಲಿ ಮೂವತ್ತು ವರ್ಷ ಪ್ರೈಮರಿ ಶಾಲೆ ಮಾಸ್ತರಾಗಿದ್ದವರು. ಕುಮಾರ ಗಂಧರ್ವರ ಹೆಸರು ಬಂತಂದ್ರೆ ಸಾಕು, ಅವರ ದನಿ ಗುಡಿಯೊಳಗೆ ಹೊಕ್ಕವರ ಹಾಗೆ ತಗ್ಗುತ್ತದೆ. 'ಒಂದ ಶ್ವಾಸಕೋಶಪಾ ತಮ್ಮಾ, ಒಂದ. ನಮಗ ಎರಡಿದ್ದೂ ಮೆಟ್ಲ ಹತ್ತಾಕ ಆಗಂಗಿಲ್ಲ.' ಈ ಮಾತನ್ನ ನಾನು ಕನಿಷ್ಠ ಇನ್ನೂರು ಸಲ ಕೇಳಿರಬೇಕು. ಕುಮಾರರನ್ನ ಅವರು ಎದುರಿಗೆ ಕೂತು ಯಾವತ್ತೂ ಕೇಳಿದವರಲ್ಲ. ಧಾರವಾಡ ಆಕಾಶವಾಣಿ, ಆಮೇಲೆ ಹುಬ್ಬಳ್ಳಿಯಿಂದ ತಂದ ನಾಕು ಕ್ಯಾಸೆಟ್ಟು, ಅಷ್ಟೇ ಅವರ ಆಸ್ತಿ. ಆ ಕ್ಯಾಸೆಟ್ಟಿನ ರೀಲು ಸುತ್ತಿಕೊಂಡಾಗ ಪೆನ್ಸಿಲ್ ಹಾಕಿ ತಿರುವುತ್ತಾ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ನಾನು ಗಂಗಾವತಿಯಲ್ಲಿ ಪಿಯುಸಿ ಓದುವಾಗ ಬೆಂಗಳೂರಿಂದ ಬಂದ ಅತ್ತೆ ಮಗ ಒಂದು ಕ್ಯಾಸೆಟ್ ಬಿಟ್ಟು ಹೋದ. ಡೆಫ್ ಲೆಪರ್ಡ್ ಅನ್ನೋ ಇಂಗ್ಲೆಂಡಿನ ಬ್ಯಾಂಡಿನ 'ಹಿಸ್ಟೀರಿಯಾ'. ಸುತ್ತಮುತ್ತ ಅಕ್ಕಿ ಗಿರಣಿಗಳ ಸದ್ದು, ಹೊಟ್ಟಿನ ಧೂಳು, ಅದರ ನಡುವೆ ಈ ಗಿಟಾರು. ಹಾಡಿನ ಅರ್ಥ ಆಗ್ತಿರಲಿಲ್ಲ, ಆಗದೇ ಇದ್ದದ್ದು ಒಳ್ಳೇದೇ ಆಯ್ತು ಅಂತ ಈಗ ಅನಿಸ್ತದೆ. ಆದರೆ ಅವನು ಹೇಳಿ ಹೋದ ಒಂದು ಮಾತು ತಲೆಯಲ್ಲಿ ಕೂತಿತ್ತು: 'ಈ ಬ್ಯಾಂಡಿನ ಡ್ರಮ್ಮರ್‌ಗೆ ಒಂದೇ ಕೈ.' ಮರುದಿನದಿಂದ ಕ್ಲಾಸಿನ ಎಲ್ಲರ ಕಿವಿಗೂ ಹೆಡ್‌ಫೋನ್ ತುರುಕಿದ್ದೇ ತುರುಕಿದ್ದು. 'ಕೇಳಲೇ, ಒಂದ ಕೈಲೆ ಬಾರಸಾಕತ್ತಾನ!' ಕಾಕಾನೂ ನಾನೂ ಒಂದೇ ರೋಗದ ಎರಡು ಪೇಶಂಟುಗಳು ಅಂತ ಆಗ ಗೊತ್ತಿರಲಿಲ್ಲ.

ಮೊದಲು ಕತೆ ಹೇಳಿಬಿಡ್ತೀನಿ. ರಿಕ್ ಅಲೆನ್ ಆ ಬ್ಯಾಂಡು ಸೇರಿದಾಗ ಹದಿನೈದು ವರ್ಷ. 1983ರ 'ಪೈರೋಮೇನಿಯಾ' ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಾಟವಾಯ್ತು. 1984ರ ಡಿಸೆಂಬರ್ 31, ಶೆಫೀಲ್ಡ್ ಹತ್ತಿರದ ರಸ್ತೆಯಲ್ಲಿ ಅವನ ಕಾರು ಪಲ್ಟಿಯಾಗಿ ಎಡಗೈ ಕಿತ್ತುಹೋಯಿತು. ವಯಸ್ಸು 21. ಡಾಕ್ಟರುಗಳು ಕೈಯನ್ನ ಮತ್ತೆ ಜೋಡಿಸಿದರು, ಸೋಂಕು ಹತ್ತಿ ಕೊನೆಗೆ ತೆಗೀಬೇಕಾಯ್ತು. ಬ್ಯಾಂಡಿನವರು ಬೇರೆ ಡ್ರಮ್ಮರನ್ನ ಹುಡುಕಲಿಲ್ಲ. ಆಸ್ಪತ್ರೆ ಮಂಚದ ಮೇಲೇ ಕಾಲಲ್ಲಿ ತಾಳ ಹಾಕ್ತಾ ಇದ್ದವನಿಗೆ ಎಡಗೈ ಮಾಡುತ್ತಿದ್ದ ಕೆಲಸವನ್ನ ಎಡಗಾಲಿಗೆ ಕೊಡಬಹುದು ಅನ್ನೋದು ಹೊಳೆಯಿತು. ಸಿಮನ್ಸ್ ಕಂಪನಿಯ ಎಲೆಕ್ಟ್ರಾನಿಕ್ ಡ್ರಮ್ಮಿಗೆ ಪೆಡಲುಗಳನ್ನ ಜೋಡಿಸಿ, ಸ್ನೇರ್, ಟಾಮ್ ಎಲ್ಲ ಕಾಲಿಂದ ನುಡಿಯೋ ಹಾಗೆ ಮಾಡಿಕೊಂಡ. 1986ರ ಆಗಸ್ಟ್ 16ರಂದು ಡಾನಿಂಗ್ಟನ್‌ನ ದೊಡ್ಡ ಮೈದಾನದಲ್ಲಿ, ಹಾಡುಗಾರ ಜೋ ಎಲಿಯಟ್ ಅವನ ಹೆಸರು ಹೇಳಿದಾಗ ಎದ್ದ ಕೂಗು ಆ ಬ್ಯಾಂಡಿನ ಅಭಿಮಾನಿಗಳಿಗೆ ಪುರಾಣ ಇದ್ದ ಹಾಗೆ. ಮರುವರ್ಷ ಬಂದ 'ಹಿಸ್ಟೀರಿಯಾ' ಎರಡು ಕೋಟಿಗೂ ಮಿಕ್ಕಿ ಮಾರಾಟವಾಯಿತು.

ಡಾನಿಂಗ್ಟನ್ನಿನ ಆ ಚಪ್ಪಾಳೆ ಬಗ್ಗೆ ನನ್ನ ತಕರಾರಿಲ್ಲ. ಇಪ್ಪತ್ತು ತಿಂಗಳ ಹಿಂದೆ ಸಾಯಬೇಕಿದ್ದ ಹುಡುಗ ಎದುರಿಗೆ ಕೂತಿದ್ದಾನೆ. ಅದು ಸಂಗೀತಕ್ಕೆ ಹೊಡೆದದ್ದಲ್ಲ, ಜೀವಕ್ಕೆ ಹೊಡೆದದ್ದು. ತಕರಾರು ಇರೋದು ಅದರ ನಂತರದ ಚಪ್ಪಾಳೆಗಳ ಬಗ್ಗೆ, ಮುಖ್ಯವಾಗಿ ನನ್ನವೇ ಚಪ್ಪಾಳೆಗಳ ಬಗ್ಗೆ.

ಯಾಕಂದ್ರೆ ಬೆಂಗಳೂರಿಗೆ ಬಂದು, ಮೊದಲ ಸಂಬಳದಲ್ಲಿ ಒಂದು ನೆಟ್ಟಗಿನ ಹೆಡ್‌ಫೋನ್ ಕೊಂಡು, ಆ ಆಲ್ಬಮ್ಮಿನ ಬಗ್ಗೆ ಓದುತ್ತಾ ಹೋದ ಹಾಗೆ ಒಂದು ಮುಜುಗರದ ವಿಷಯ ಗೊತ್ತಾಯ್ತು. 'ಹಿಸ್ಟೀರಿಯಾ'ದಲ್ಲಿ ನಾವು ಕೇಳೋ ಡ್ರಮ್ಮು ಬಹುಪಾಲು ಸ್ಯಾಂಪಲ್ ಮಾಡಿ, ಕಂಪ್ಯೂಟರಿನಲ್ಲಿ ಜೋಡಿಸಿದ ಸದ್ದು. ನಿರ್ಮಾಪಕ ಮಟ್ ಲ್ಯಾಂಗ್ ಕೆಲಸ ಮಾಡುತ್ತಿದ್ದ ರೀತಿಯೇ ಹಾಗೆ. ಗಿಟಾರು, ಹಿಂದಿನ ಕೋರಸ್ಸು ಎಲ್ಲವನ್ನೂ ಪದರ ಪದರವಾಗಿ ಹಚ್ಚಿ ಕಟ್ಟಿದ್ದು. ಇನ್ನೂ ತಮಾಷೆ ಅಂದ್ರೆ, ಅಲೆನ್‌ಗೆ ಎರಡೂ ಕೈ ಇದ್ದ ಕಾಲದ 'ಪೈರೋಮೇನಿಯಾ'ದಲ್ಲೂ ಡ್ರಮ್ಮಿಗೆ ಯಂತ್ರದ ನೆರವು ಧಾರಾಳವಾಗಿಯೇ ಇತ್ತು. ಅಂದ್ರೆ ನಾನು ಗಂಗಾವತಿಯಲ್ಲಿ ಹುಡುಗರ ಕಿವಿ ಹಿಂಡಿ ಕೇಳಿಸಿದ 'ಒಂದ ಕೈ' ಆ ಟೇಪಿನಲ್ಲಿ ಇರಲೇ ಇಲ್ಲ! ನನಗೆ ಗೊತ್ತಿದ್ದ ಕತೆಯನ್ನ ನಾನೇ ಅದರೊಳಗೆ ಕೇಳಿಸಿಕೊಂಡಿದ್ದೆ.

ಹಾಗಂತ ಅಲೆನ್ ಮಾಡಿದ್ದು ಸಣ್ಣದು ಅಂತಲ್ಲ. ಅದು ಇರೋ ಜಾಗ ಬೇರೆ. ಒಂದು, ಕಛೇರಿಗಳ ರೆಕಾರ್ಡಿಂಗ್. ಅಲ್ಲಿ ಗಮನವಿಟ್ಟು ಕೇಳಿ: ಅವನು ಬೀಟನ್ನ ಚೂರು ಹಿಂದಕ್ಕೆ ಎಳೆದು ಕೂರಿಸ್ತಾನೆ, ಸಣ್ಣಪುಟ್ಟ ಅಲಂಕಾರ ಬಿಟ್ಟುಬಿಡ್ತಾನೆ. ಮೊದಲಿನ ಚುರುಕುತನ ಹೋಗಿ ಒಂದು ತೂಕ ಬಂದಿದೆ. ಮೇಲೆ ನಾಕು ಜನ ಕೂಡಿ ಕೋರಸ್ ಹಾಡುವ ಬ್ಯಾಂಡಿಗೆ ಬೇಕಾದದ್ದೂ ಅದೇ. ಇನ್ನೊಂದು, 1996ರ 'ಸ್ಲ್ಯಾಂಗ್'. ಅದರಲ್ಲಿ ಅವನು ಎಲೆಕ್ಟ್ರಾನಿಕ್ ಪ್ಯಾಡು ಕಡಿಮೆ ಮಾಡಿ ತೊಗಲಿನ ಸದ್ದಿರೋ ಡ್ರಮ್ಮಿಗೆ ವಾಪಸ್ ಬಂದ. ಒರಟು, ಅಲ್ಲಲ್ಲಿ ಎಡವೋ ಹಾಗಿರುವ, ಆದರೆ ಒಬ್ಬ ಮನುಷ್ಯ ಕೂತು ಬಾರಿಸ್ತಿದ್ದಾನೆ ಅಂತ ಗೊತ್ತಾಗೋ ಡ್ರಮ್ಮು. 'ಸ್ಲ್ಯಾಂಗ್' ಹೆಚ್ಚು ಮಾರಾಟವಾಗಲಿಲ್ಲ. ಒಂದು ಕೈಯನ್ನ ಪೂಜೆ ಮಾಡೋ ನಾವ್ಯಾರೂ ಆ ಕೈ ನಿಜವಾಗಿ ಕೇಳಿಸೋ ಆಲ್ಬಮ್ ಕೊಳ್ಳಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ, ನೋಡ್ರಿ.

ಇದನ್ನೆಲ್ಲ ಕಾಕಾಗೆ ಹೇಳಿದೆ. ಅವರು ನಕ್ಕರು. 'ನಿಂದು ಮಷಿನ್ ಸಂಗೀತ. ಕುಮಾರರದು ಹಂಗಲ್ಲ. ಅಲ್ಲಿ ಉಸರ ಕೇಳಸ್ತದ.'

ಸರಿ, ಅದನ್ನೂ ನೋಡೋಣ. ಶಿವಪುತ್ರಯ್ಯ ಸಿದ್ಧರಾಮಯ್ಯ ಕೊಂಕಾಳಿಮಠ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದವರು. ಗ್ರಾಮೊಫೋನ್ ಪ್ಲೇಟಿನಲ್ಲಿ ಕೇಳಿದ ದೊಡ್ಡ ಉಸ್ತಾದರ ಹಾಡನ್ನ ಹಾಗ್ಹಾಗೇ ಒಪ್ಪಿಸುತ್ತಿದ್ದ ಪೋರನಿಗೆ ಸ್ವಾಮಿಗಳೊಬ್ಬರು ಕೊಟ್ಟ ಬಿರುದೇ ಹೆಸರಾಯಿತು. ಮುಂಬೈಯಲ್ಲಿ ಬಿ. ಆರ್. ದೇವಧರರ ಹತ್ತಿರ ಕಲಿತರು. ಇಪ್ಪತ್ತರ ಹರೆಯದಲ್ಲೇ ಹೆಸರು. ಅಷ್ಟರಲ್ಲಿ ಕ್ಷಯ. 1948ರಲ್ಲಿ ಒಣ ಹವೆ ಹುಡುಕಿಕೊಂಡು ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಸಿಗೆ. ಹಾಡಬಾರದು ಅಂತ ಡಾಕ್ಟರರ ಕಟ್ಟಪ್ಪಣೆ. ಸ್ಟ್ರೆಪ್ಟೋಮೈಸಿನ್ ಆಗಷ್ಟೇ ಬಂದಿದ್ದರಿಂದ ಜೀವ ಉಳಿಯಿತು, ಒಂದು ಶ್ವಾಸಕೋಶ ಉಳಿಯಲಿಲ್ಲ. 1953ರಲ್ಲಿ ಮತ್ತೆ ವೇದಿಕೆ ಹತ್ತಿದರು. ಅಲ್ಲಿಂದ 1992ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಹೆಚ್ಚುಕಡಿಮೆ ನಲವತ್ತು ವರ್ಷ ಹಾಡಿದರು.

ಅಭಿಮಾನಿಗಳ ವಾದ ಸರಳ: ಒಂದೇ ಶ್ವಾಸಕೋಶ, ಹಾಗಾಗಿ ಉಸಿರು ಕಡಿಮೆ, ಹಾಗಾಗಿ ಚಿಕ್ಕ ಚಿಕ್ಕ ಸ್ವರಗುಚ್ಛ, ಹಾಗಾಗಿ ಆ ಶೈಲಿ. ಕೇಳಲಿಕ್ಕೆ ಚೆನ್ನಾಗಿದೆ. ವಿಚಿತ್ರ ಅಂದ್ರೆ ಅವರನ್ನ ಒಪ್ಪದ ಸಂಪ್ರದಾಯಸ್ಥರ ವಾದವೂ ಇದೇನೇ, ಕಡೆಗೆ ಮೂಗು ಮುರಿಯೋದೊಂದು ಹೆಚ್ಚು. ಎರಡೂ ಕಡೆಯವರೂ ಹಾಡನ್ನ ಎಕ್ಸ್‌ರೇ ಇಟ್ಟುಕೊಂಡು ಕೇಳ್ತಾರೆ.

ಆದರೆ ಉಸಿರು ಕಡಿಮೆ ಇದ್ದವರು ಏನು ಮಾಡಬೇಕು? ಮಧ್ಯ ಸಪ್ತಕದಲ್ಲಿ ಜೋಪಾನವಾಗಿ ಹಾಡಿಕೊಂಡಿರಬೇಕು. ಕುಮಾರರು ಮಾಡಿದ್ದೇನು? ಮೆಲ್ಲಗೆ ಹಾಡುತ್ತಾ ಇದ್ದವರು ಇದ್ದಕ್ಕಿದ್ದ ಹಾಗೆ ತಾರ ಷಡ್ಜಕ್ಕೆ ಬಾಣ ಬಿಟ್ಟ ಹಾಗೆ ಹೋಗಿ ಅಲ್ಲಿ ಪೂರ್ತಿ ದನಿ ಬಿಟ್ಟು ನಿಲ್ಲುತ್ತಾರೆ. ಉಸಿರು ಉಳಿಸೋರು ಮಾಡೋ ಕೆಲಸ ಅಲ್ಲ ಅದು, ದುಂದುವೆಚ್ಚ. ಆ ಚಿಕ್ಕ ಗುಚ್ಛಗಳ ನಡುವಿನ ಮೌನ ಕೂಡ ಏದುಸಿರಿನ ಮೌನ ಅಲ್ಲ. ಸ್ವರ ನಿಂತ ಮೇಲೂ ತಂಬೂರಿಯಲ್ಲಿ ಅದು ಮುಂದುವರೀಲಿ ಅಂತ ಬೇಕಂತಲೇ ಬಿಟ್ಟ ಜಾಗ. ತಂಬೂರಿ ಶ್ರುತಿ ಮಾಡೋದರಲ್ಲಿ ಅವರಿಗಿದ್ದ ಹಟ ನೆನಪಿಸಿಕೊಂಡರೆ ಇದು ಇನ್ನೂ ಸ್ಪಷ್ಟವಾಗ್ತದೆ.

ರೋಗ ಅವರಿಗೆ ಏನಾದರೂ ಕೊಟ್ಟಿದ್ದರೆ ಅದು ಬೇರೆಯೇ. ಹಾಡಬಾರದು ಅಂದಾಗ ಕೇಳೋದೊಂದೇ ಉಳಿಯಿತು. ಕಿಟಕಿಯಾಚೆ ಮಾಳವದ ಹೆಣ್ಮಕ್ಕಳು ಬೀಸುವಾಗ, ಮದುವೆಯಲ್ಲಿ, ಮಳೆಗಾಲದಲ್ಲಿ ಹಾಡಿಕೊಳ್ಳೋ ಪದಗಳು, ನಾಥಪಂಥದ ಜೋಗಿಗಳು ಹಾಡಿಕೊಂಡು ಬರೋ ಕಬೀರ. ರಾಗಗಳು ಹುಟ್ಟೋದೇ ಜನಪದ ಧಾಟಿಯಿಂದ ಅಂತ ಅವರು ಕಡೆತನಕ ಹೇಳಿದರು, ಆ ಧಾಟಿಗಳಿಂದಲೇ ಹೊಸ ರಾಗಗಳನ್ನ ಎತ್ತಿ ತೋರಿಸಿದರು. ಅದಕ್ಕೆ ಬೇಕಾದದ್ದು ಐದಾರು ವರ್ಷದ ಕಿವಿ. ಹೋದ ಶ್ವಾಸಕೋಶಕ್ಕಿಂತ ಆ ಕಿವಿಯ ಬಗ್ಗೆ ಮಾತಾಡಿದ್ದರೆ ನಾವು ಅವರನ್ನ ಹೆಚ್ಚು ಕೇಳಿಸಿಕೊಂಡಿರ್ತಿದ್ದೆವು. ಅವರದ್ದೆಲ್ಲವೂ ಒಂದೇ ಎತ್ತರದ್ದಲ್ಲ ಅಂತ ಹೇಳೋ ಧೈರ್ಯವೂ ಬರ್ತಿತ್ತು. ಗಾಂಧಿ ಮಲ್ಹಾರ್ ನನ್ನ ಮಟ್ಟಿಗೆ ರಾಗಕ್ಕಿಂತ ಹೆಚ್ಚಾಗಿ ಒಂದು ನಮಸ್ಕಾರ. ಇದನ್ನ ಅಂದದ್ದಕ್ಕೆ ಕಾಕಾ ಎರಡು ದಿನ ಮಾತು ಬಿಟ್ಟಿದ್ದರು. ಕಾಕೂ ನಡುವೆ ಬಂದು ಮಂಡಕ್ಕಿ ಒಗ್ಗರಣಿ ಮಾಡಿಕೊಟ್ಟ ಮೇಲೆ ರಾಜಿ.

ಇಷ್ಟೆಲ್ಲ ನಾನು ಯಾಕೆ ತಲೆ ಕೆಡಿಸಿಕೊಂಡೆ ಅಂದ್ರೆ, ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಹೈಸ್ಕೂಲಿನಿಂದ ಜೊತೆಗಾರ. ಊರಿನ ಭಜನಾ ಮೇಳದಲ್ಲಿ ತಬಲಾ. ಶರೀಫರ ಪದ, ಕಡಕೋಳ ಮಡಿವಾಳಪ್ಪನವರ ಪದ ಶುರುವಾದರೆ ಬೆಳಗಿನ ತನಕ ಇವನ ಬೆರಳು ನಿಲ್ಲುತ್ತಿರಲಿಲ್ಲ. ನಾಕು ವರ್ಷದ ಕೆಳಗೆ ಜೋಳದ ರಾಶಿ ಮಾಡುವಾಗ ರಾಶಿ ಮಷಿನ್‌ಗೆ ಬಲಗೈ ಸಿಕ್ಕಿತು. ಹೆಬ್ಬೆರಳು ಬಿಟ್ಟು ಉಳಿದ ನಾಕೂ ಹೋದವು.

ಬ್ಲ್ಯಾಕ್ ಸಬತ್ ಬ್ಯಾಂಡಿನ ಟೋನಿ ಅಯೋಮಿ ಕತೆ ನಿಮಗೆ ಗೊತ್ತಿರಬಹುದು. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕಡೇ ದಿನ ಎರಡು ಬೆರಳ ತುದಿ ಕಳಕೊಂಡ ಹುಡುಗ, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ಗಿಟಾರ್ ಹಿಡಿದ. ಸುಟ್ಟ ಕೈಯಲ್ಲಿ ಎರಡೇ ಬೆರಳಿನಿಂದ ಸೋಲೋ ನುಡಿಸುತ್ತಿದ್ದ ಜ್ಯಾಂಗೋ ರೈನ್‌ಹಾರ್ಟನ ರೆಕಾರ್ಡನ್ನ ಕಾರ್ಖಾನೆಯ ಮೇಲಧಿಕಾರಿ ತಂದು ಕೇಳಿಸಿದ್ದ. ಆಸ್ಪತ್ರೆಗೆ ಹೋದವನು ನಾನೂ ಇದನ್ನೇ ಹೇಳಿದೆ. ಅವನು ಗೋಡೆ ಕಡೆ ತಿರುಗಿ ಮಲಗಿದ.

ಆದರೆ ಒಂದೂವರೆ ವರ್ಷದ ಮೇಲೆ ಅವನೇ ದಾರಿ ಮಾಡಿಕೊಂಡ. ಕೈ ಅದಲು ಬದಲು. ದಾಯಾ ಎಡಗೈಗೆ, ಡಗ್ಗಾ ಬಲದ ಅಂಗೈಗೆ. ಡಗ್ಗಾದ ಮೇಲೆ ಬೆರಳಿನ ಬಿಡಿ ಪೆಟ್ಟು ಇಲ್ಲ, ಆದರೆ ಅಂಗೈ ಒತ್ತಿ ಎಳೆದರೆ ಬರೋ ಗುಮುಕಿ ಇದೆಯಲ್ಲ, ಅದು ಮೊದಲಿಗಿಂತ ಆಳ. ಎಡಗೈ ಇನ್ನೂ ಮಗು. ಹಾಗಾಗಿ ಮೇಳದವರು ಪದಗಳನ್ನ ಒಂದು ಕಾಲು ಇಳಿಸಿದರು. ನಿಧಾನಕ್ಕೆ ಹಾಡಿದಾಗ ಶರೀಫರ ಮಾತು ಮೊದಲ ಸಲ ಬಿಡಿಸಿ ಕೇಳಿಸಿತು ಅಂತ ಊರ ಹಿರಿಯರೊಬ್ಬರು ಅಂದದ್ದುಂಟು. ಇದು ನಿಜ, ಮೇಳದ ದನಿಯೇ ಬೇರೆಯಾಗಿದೆ.

ಕಷ್ಟ ಶುರುವಾದದ್ದು ಚಪ್ಪಾಳೆಯಿಂದ. ಎಲ್ಲೇ ಭಜನೆ ಇರಲಿ, ಮೈಕಿನವನು ಮೊದಲು ಇವನ ಕೈ ಕತೆ ಹೇಳ್ತಾನೆ. ಜನ ಬಾರಿಸೋಕೆ ಮುಂಚೆಯೇ ಚಪ್ಪಾಳೆ ಹೊಡೀತಾರೆ. ಮೊಬೈಲು ಎತ್ತಿ ಕೈಯದ್ದೇ ವಿಡಿಯೋ. ಹೋದ ಜನವರಿಯಲ್ಲಿ ಗವಿಮಠದ ಜಾತ್ರೆಗೆ ಅಂತ ಕೊಪ್ಪಳಕ್ಕೆ ಹೋದವನು ಹಾಗೇ ಅವನ ಊರಿಗೂ ಹೋಗಿದ್ದೆ. ರಾತ್ರಿ ಭಜನೆ. ಮೂರನೇ ಪದದಲ್ಲಿ ಅವನು ತಾಳ ಬಿಟ್ಟ. ಸ್ಪಷ್ಟವಾಗಿ, ಎರಡು ಆವರ್ತ. ಹಾಡೋನು ಹೇಗೋ ಎಳಕೊಂಡು ಬಂದ. ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ. ನಾನೂ ಹೊಡೆದೆ. 'ಭಾಳ ಛಲೋ ಆತಲೇ' ಅಂದೆ.

ಅವನು ಬೀಡಿ ಹಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ: 'ನೀನೂ ಸುಳ್ಳ ಹೇಳ್ತಿ ಅಂದ್ರ ಆತು ಬಿಡು. ಮೊದಲ ತಪ್ಪಿದ್ರ ಹಾರ್ಮೋನಿಯಂ ಅಜ್ಜ ಕಣ್ಣ ಕಿಸದು ನೋಡ್ತಿದ್ದ, ಮನಿಗೆ ಬಂದು ಬೈತಿದ್ದ. ಈಗ ತಪ್ಪಿದ್ರೂ ಚಪ್ಪಾಳಿ, ಸರಿ ಬಾರಿಸಿದ್ರೂ ಚಪ್ಪಾಳಿ. ನಂಗ ಹೆಂಗ ಗೊತ್ತಾಗಬೇಕು? ಒಂದ ಕೈ ಅಂತ ಚಪ್ಪಾಳಿ ಹೊಡಿಬ್ಯಾಡ್ರಿ ಅಂತ ಮೈಕಿನ್ಯಾಗ ಹೇಳಬೇಕಂತ ಮಾಡೇನಿ.'

ಬೆಂಗಳೂರಿನ ಬಸ್ಸಿನಲ್ಲಿ ರಾತ್ರಿಯಿಡೀ ನಿದ್ದೆ ಬರಲಿಲ್ಲ. ರಿಕ್ ಅಲೆನ್ ಬಗ್ಗೆ ಇಪ್ಪತ್ತು ವರ್ಷ ನಾನು ಮಾಡಿದ್ದೂ ಇದನ್ನೇ, ಆದರೆ ಶೆಫೀಲ್ಡಿನವನಿಗೆ ಅದರಿಂದ ನಷ್ಟವೇನೂ ಆಗಿರಲಿಲ್ಲ. ಇಲ್ಲಿ ಆಗಿತ್ತು.

ಈಗ ತಿಂಗಳಿಗೊಮ್ಮೆ ಅವನು ವಾಟ್ಸಾಪಿನಲ್ಲಿ ರೆಕಾರ್ಡಿಂಗ್ ಕಳಿಸ್ತಾನೆ. ವಿಡಿಯೋ ಅಲ್ಲ, ಬರೀ ಆಡಿಯೋ, ಅದು ಅವನ ಷರತ್ತು. ಮೊನ್ನೆಯದನ್ನ ಆಫೀಸಿನ ಕ್ಯಾಬಿನಲ್ಲಿ ಮೂರು ಸಲ ಕೇಳಿ, ಸೆಕೆಂಡು ಗುರುತು ಹಾಕಿಕೊಂಡು ಫೋನ್ ಮಾಡಿದೆ. 'ಎರಡನೇ ನುಡಿ ಮುಗಿಯೋ ಹೊತ್ತಿಗೆ ಓಡಾಕತ್ತಿ. ಆಮೇಲೆ ಸಮಕ್ಕ ಬಂದಿಲ್ಲ' ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ.

'ಅಲ್ಲಲೇ, ಅದು ನಂದಲ್ಲ, ಹಾರ್ಮೋನಿಯಂ ಅಜ್ಜಂದು' ಅಂದ. 'ಇನ್ನೊಮ್ಮಿ ಕೇಳು.'