ತೋಳುಪಟ್ಟಿಯ ಪಾಠ

ಸೇನಾವೈದ್ಯರ ಬಿಲ್ಲೆಗಳನ್ನೂ ತೋಳುಪಟ್ಟಿಗಳನ್ನೂ ಕೂಡಿಡುವ ಮಿತ್ರರೊಬ್ಬರು ನನಗಿದ್ದಾರೆ. ಅಂಚೆಚೀಟಿ ಸಂಗ್ರಹಿಸುವವರನ್ನು ಕಂಡು ನಗದ ಲೋಕ ಇವರನ್ನು ಕಂಡು ನಗುತ್ತದೆ. ನಾನು ನಗಲಾರೆ. ಹಳೆಯ ಓಲೆಗರಿಯ ಪಾಠವನ್ನು ನಿರ್ಣಯಿಸುವ ನಮ್ಮ ವಿದ್ಯೆಗೂ ಅವರ ವಿದ್ಯೆಗೂ ಹತ್ತಿರದ ನಂಟಿದೆ. ಆದರೆ ಈಚೆಗೆ ಅವರು ಮಾಡಿದ ಒಂದು ಕೆಲಸ ನನ್ನನ್ನು ಚಿಂತೆಗೆ ಹಚ್ಚಿದೆ.

ಮೊದಲು ಬಿಲ್ಲೆಯ ಮಾತು. ಕೋಲಿಗೆ ಒಂದೇ ಹಾವು ಸುತ್ತಿದ್ದರೆ ಅದು ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸನ ದಂಡ. 1898ರಲ್ಲಿ ಹುಟ್ಟಿದ ಬ್ರಿಟಿಷರ ರಾಯಲ್ ಆರ್ಮಿ ಮೆಡಿಕಲ್ ಕೋರ್ ಧರಿಸಿದ್ದು ಇದನ್ನು. ಎರಡು ಹಾವುಗಳಿದ್ದು ಮೇಲೆ ರೆಕ್ಕೆಯಿದ್ದರೆ ಅದು ಹರ್ಮೀಸನ ದಂಡ. ಹರ್ಮೀಸ್ ದೇವದೂತ, ವರ್ತಕರ ದೇವತೆ, ವೈದ್ಯನಲ್ಲ. ಆದರೂ ಅಮೆರಿಕದ ಸೇನಾವೈದ್ಯ ವಿಭಾಗ 1902ರಲ್ಲಿ ಅದನ್ನೇ ಸ್ವೀಕರಿಸಿತು. ಪಂಡಿತರು ತಪ್ಪೆಂದರು, ಚಿಹ್ನೆ ಉಳಿಯಿತು. ರೂಢಿಯು ವ್ಯುತ್ಪತ್ತಿಯನ್ನು ಗೆಲ್ಲುವುದು ಭಾಷೆಯನ್ನು ಬಲ್ಲವರಿಗೆ ಹೊಸದೇನಲ್ಲ.

ಕಾಲವನ್ನು ಹೇಳುವುದು ಮೇಲಿನ ಕಿರೀಟ. ಹಳೆಯ ಬ್ರಿಟಿಷ್ ಬಿಲ್ಲೆಗಳಲ್ಲಿ ಕಿರೀಟದ ಕಮಾನು ಗುಮ್ಮಟದಂತೆ ಉಬ್ಬಿದ್ದರೆ ಸಾಮಾನ್ಯವಾಗಿ ಅದು 1901ರಿಂದ 1952ರವರೆಗೆ ಆಳಿದ ಅರಸರ ಕಾಲದ್ದು. ನಡುವೆ ತಗ್ಗಿದ್ದರೆ ಅನಂತರದ ಎಲಿಜಬೆತ್ ರಾಣಿಯ ಕಾಲದ್ದು. ನಮ್ಮ ಸೇನಾವೈದ್ಯ ದಳ 1943ರ ಏಪ್ರಿಲ್ 3ರಂದು ಹುಟ್ಟಿತು. ದೇಶ ಗಣರಾಜ್ಯವಾದ ಮೇಲೆ ಅದರ ಬಿಲ್ಲೆಗೆ ಅಶೋಕನ ಸಿಂಹಗಳು ಬಂದವು. ಕೋಲೂ ಹಾವೂ ಹಾಗೆಯೇ ಉಳಿದವು. ರಾಜ್ಯ ಬದಲಾದರೂ ರೋಗ ಬದಲಾಗುವುದಿಲ್ಲವಷ್ಟೆ!

ಬಿಲ್ಲೆಯನ್ನು ಓದುವವರು ಸ್ವಪಕ್ಷದವರು. ತೋಳುಪಟ್ಟಿಯ ಸಂಗತಿ ಬೇರೆ. ಅದರ ಮುಖ್ಯ ಓದುಗ ಶತ್ರು. ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆಯ ಆ ಪಟ್ಟಿ 1864ರ ಜಿನೀವಾ ಒಪ್ಪಂದದಿಂದ ಬಂದದ್ದು. ಅದನ್ನು ಎಡತೋಳಿಗೆ ಕಟ್ಟಬೇಕು, ಸೇನಾಧಿಕಾರಿಗಳ ಮೊಹರು ಅದರ ಮೇಲಿರಬೇಕು ಎಂದು 1906ರ ಒಪ್ಪಂದ ವಿಧಿಸಿತು. 1949ರ ಒಪ್ಪಂದವೂ ಆ ನಿಯಮವನ್ನು ಉಳಿಸಿಕೊಂಡಿತು. “ಇವನು ಕೊಲ್ಲಲು ಬಂದವನಲ್ಲ, ಇವನನ್ನು ಕೊಲ್ಲಬೇಡ” ಎಂಬುದು ಪಟ್ಟಿಯ ಅರ್ಥ. ಆ ಮಾತಿಗೆ ಹಾಕಿದ ರುಜು ಮೊಹರು.

ಇಂಥ ಮಾತಿನ ಬಲವೆಷ್ಟು? ಬೋಯರ್ ಯುದ್ಧದಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕದ ಸುಮಾರು 1,100 ಭಾರತೀಯರ ಶುಶ್ರೂಷಾ ದಳವನ್ನು ಕಟ್ಟಿದರು. ಅವರ ಕೆಲಸ ಗುಂಡಿನ ಗಡಿಯಾಚೆಗೆ. ರೆಡ್‌ಕ್ರಾಸಿನ ರಕ್ಷಣೆಯೂ ಇತ್ತು. 1900ರ ಜನವರಿಯಲ್ಲಿ ಸ್ಪಿಯನ್ ಕಾಪಿನ ಸೋಲಿನ ಹೊತ್ತಿಗೆ ಗಡಿಯೊಳಗೆ ಬರುವಿರಾ ಎಂದು ಸೇನಾಪತಿಯಿಂದ ಕೇಳಿಕೆ ಬಂತು. ಹೋದರು, ಡೋಲಿ ಹೊತ್ತರು. ಗುಂಡಿಗೆ ಅಕ್ಷರಾಭ್ಯಾಸವಿಲ್ಲ, ಕೋವಿ ಹಿಡಿದವನಿಗೆ ಮಾತ್ರ ಉಂಟು. ಅವನು ನಂಬಿದರೆ ಆ ಪಟ್ಟಿ ಕವಚ, ನಂಬದಿದ್ದರೆ ಬರಿಯ ಅರಿವೆ. ಆದ್ದರಿಂದಲೇ ಕಳ್ಳಪಟ್ಟಿ ಕಟ್ಟಿ ಶತ್ರುವನ್ನು ವಂಚಿಸಿದವನು ತನ್ನ ಹಿಂದೆ ಬರುವ ಡೋಲಿಯವನ ಪ್ರಾಣವನ್ನೇ ಪಣಕ್ಕೊಡ್ಡುತ್ತಾನೆ.

ಇನ್ನು ಮಿತ್ರರ ಕೆಲಸ. ಗುಜರಿ ಅಂಗಡಿಯೊಂದರಲ್ಲಿ ಅವರಿಗೆ ಹಳೆಯ ತೋಳುಪಟ್ಟಿ ಸಿಕ್ಕಿತ್ತು. ಕಂದುಗಟ್ಟಿದ ಬಟ್ಟೆ, ಒಂದೆರಡು ಕಲೆ, ಅಂಚಿನಲ್ಲಿ ಅರ್ಧ ಮಾಸಿದ ನೀಲಿ ಮೊಹರು. ಮೊಹರಿನ ಅಕ್ಷರಗಳನ್ನು ಬಿಡಿಸಿ ಓದಬೇಕೆಂದು ಭೂತಕನ್ನಡಿ ತೆಗೆದುಕೊಂಡು ಮರುವಾರ ಹೋದೆ. ಪಟ್ಟಿ ಹಾಲಿನಂತೆ ಬೆಳ್ಳಗೆ ಗಾಜಿನ ಚೌಕಟ್ಟಿನಲ್ಲಿ ಕುಳಿತಿತ್ತು.

“ಸಾಬೂನಿನಲ್ಲಿ ನೆನೆಸಿ ಇಸ್ತ್ರಿ ಮಾಡಿಸಿದೆ. ಹೇಗಿದೆ, ಮೇಷ್ಟ್ರೇ?”

“ಮೊಹರು ಎಲ್ಲಿ ಸ್ವಾಮಿ?”

ಅವರು ಚೌಕಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ನನಗೆ ತಿಳಿಯದ ಮಾತನ್ನು ತಪ್ಪೆಂದು ಬಗೆದು ತಿದ್ದುವ ಲಿಪಿಕಾರರ ನೆನಪಾಯಿತು. ಅವರ ಪ್ರತಿ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಕವಿ ಮಾತ್ರ ಅಲ್ಲಿರುವುದಿಲ್ಲ. ಸಂಗ್ರಾಹಕನ ಮೊದಲ ಧರ್ಮ ಅಂದವಲ್ಲ, ಪಾಠರಕ್ಷಣೆ. ಬಿಲ್ಲೆಯನ್ನು ತಿಕ್ಕಿ ಬೆಳಗಿದರೆ ಕಿರೀಟದ ಗೆರೆಯಾದರೂ ಉಳಿದೀತು. ತೋಳುಪಟ್ಟಿಯ ಮೊಹರು ತೊಳೆದುಹೋದರೆ, ಯಾರೋ ಒಬ್ಬನ ಜೀವಕ್ಕೆ ಒಂದು ಸೈನ್ಯ ಕೊಟ್ಟ ಜಾಮೀನೇ ಅಳಿಸಿತು. ಮಿತ್ರರ ಚೌಕಟ್ಟಿನಲ್ಲಿರುವುದಕ್ಕೂ ನಿನ್ನೆ ದರ್ಜಿ ಹೊಲಿದ ಪಟ್ಟಿಗೂ ಇನ್ನು ಭೇದ ಹೇಳುವುದು ಹೇಗೆ?